ಸ್ಟ್ರಿಂಗ್‌ಗೆ ಎಡ ಯಾವುದು, ಬಲ ಯಾವುದು?

ಕೆಲವು ವರ್ಷಗಳ ಹಿಂದೆ ದುಬೈನ ಒಂದು ಕ್ಲಿನಿಕ್‌ಗೆ ರೋಗಿಗಳ ಹೆಸರು ನೋಂದಾಯಿಸುವ ಪುಟ ಮಾಡಿಕೊಟ್ಟಿದ್ದೆವು. ಕೆಲಸ ಎಲ್ಲಾ ನಡೆದದ್ದು ಬೆಂಗಳೂರಿನಲ್ಲಿ. ಹೆಸರನ್ನು ಇಂಗ್ಲಿಷ್‌ನಲ್ಲೂ ಬರೆಯಬಹುದು, ಅರಬಿಯಲ್ಲೂ ಬರೆಯಬಹುದು. ಪುಟ ಶುರುವಾದ ಎರಡನೇ ದಿನವೇ ಅಲ್ಲಿನ ರಿಸೆಪ್ಷನ್‌ನಿಂದ ದೂರು ಬಂತು. ಅರಬಿಯಲ್ಲಿ ಟೈಪ್ ಮಾಡುವಾಗ ಸ್ಪೇಸ್ ಕೀ ಕೆಲಸ ಮಾಡುತ್ತಿಲ್ಲ, ಇಂಗ್ಲಿಷ್‌ನಲ್ಲಿ ಮಾಡಿದರೆ ಸರಿ ಇದೆ.

ಕೀಬೋರ್ಡ್ ಸರಿಯಾಗೇ ಇತ್ತು. ತಪ್ಪು ನನ್ನ ಕೋಡಿನದು.

ಆ ಪುಟದಲ್ಲಿ ಪ್ರತಿ ಕೀ ಒತ್ತಿದಾಗಲೂ ಹೆಸರಿನ ಶುರುವಿನಲ್ಲಿರುವ ಸ್ಪೇಸ್ ತೆಗೆಯುತ್ತಿದ್ದೆ. ಕೊನೆಯದನ್ನು ತೆಗೆಯುವ ಹಾಗಿಲ್ಲ, ಯಾಕಂದ್ರೆ ಮೊದಲ ಹೆಸರು ಬರೆದು ಸ್ಪೇಸ್ ಒತ್ತಿದ ಆ ಕ್ಷಣದಲ್ಲಿ ಅದು ಕೊನೆಯ ಸ್ಪೇಸೇ ಆಗಿರುತ್ತದೆ, ಎರಡನೇ ಹೆಸರಿನ ಮೊದಲ ಅಕ್ಷರ ಬಿದ್ದ ಮೇಲಷ್ಟೇ ಅದು ನಡುವಿನ ಸ್ಪೇಸ್ ಆಗೋದು. ಇದು ಗೊತ್ತಿತ್ತು. ಅದಕ್ಕೇ ಜಾವಾಸ್ಕ್ರಿಪ್ಟ್ ಭಾಷೆಯ ಟ್ರಿಮ್‌ಲೆಫ್ಟ್, ಅಂದರೆ 'ಎಡಗಡೆಯ ಸ್ಪೇಸ್ ಕತ್ತರಿಸು' ಅನ್ನುವ ಫಂಕ್ಷನ್ ಬಳಸಿದ್ದೆ. ಆಮೇಲೆ ಅರಬಿ ನೆನಪಾಯಿತು. ಅರಬಿ ಬಲದಿಂದ ಎಡಕ್ಕೆ ಬರೆಯುವ ಭಾಷೆ, ಅದರಲ್ಲಿ ಶುರುವಿನ ಸ್ಪೇಸ್ ಬಲಗಡೆ ಇರುತ್ತೆ ಅಲ್ವಾ, ಹಾಗಾದರೆ ಅಲ್ಲಿ ಟ್ರಿಮ್‌ರೈಟ್ ಬೇಕು ಅಂತ ಯೋಚಿಸಿ ಒಂದು ಷರತ್ತು ಸೇರಿಸಿದೆ: ಅಕ್ಷರ ಅರಬಿಯಾದರೆ ಎಡದ ಬದಲು ಬಲ. ಬಹಳ ಎಚ್ಚರಿಕೆಯಿಂದ ಮಾಡಿದ ಕೆಲಸ ಅಂತಲೇ ನಂಬಿದ್ದೆ.

ಆದರೆ ಟ್ರಿಮ್‌ರೈಟ್ ತೆಗೆಯುವುದು ಸ್ಟ್ರಿಂಗ್‌ನ, ಅಂದರೆ ಕಂಪ್ಯೂಟರ್ ಸಾಲಾಗಿ ಇಟ್ಟುಕೊಂಡ ಅಕ್ಷರಗಳ, ಕೊನೆಯ ಸ್ಪೇಸನ್ನು. ಯಾವ ಭಾಷೆಯಾದರೂ ಸರಿ, ಅದು ಕೊನೆಯದನ್ನೇ ತೆಗೆಯುತ್ತದೆ. ಹಾಗಾಗಿ ರಿಸೆಪ್ಷನ್‌ನಲ್ಲಿದ್ದವರು 'ಅಬ್ದ್' ಅಂತ ಬರೆದು ಸ್ಪೇಸ್ ಒತ್ತಿದರೆ ಅದು ಅಲ್ಲೇ ಮಾಯ. ಮುಂದೆ 'ಅಲ್‌ರಹಮಾನ್' ಬರೆದರೆ ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತಿತ್ತು. ಅರಬಿಯಲ್ಲಿ ಈ ಹೆಸರು ಎರಡು ಬಿಡಿ ಪದ. ಅದರ ಮೇಲೆ ಅಪ್ಪನ ಹೆಸರು, ತಾತನ ಹೆಸರು, ಮನೆತನದ ಹೆಸರು ಬರುತ್ತವೆ. ಎಲ್ಲವೂ ಒಂದೇ ಉದ್ದ ಪದವಾಗಿ ಡೇಟಾಬೇಸ್ ಸೇರಿತು.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸಹೋದ್ಯೋಗಿ ಕಲಬುರಗಿಯವರು, ಉರ್ದು ಮಾಧ್ಯಮದಲ್ಲಿ ಓದಿದವರು. ಅವರಿಗೆ ತೋರಿಸಿದೆ. ಪರದೆಯ ಮೇಲೆ ಬೆರಳಿಟ್ಟು ಬಲದಿಂದ ಓದುತ್ತಾ ಹೋಗಿ, ಮತ್ತೆ ಮೊದಲ ಅಕ್ಷರಕ್ಕೆ ಬೆರಳು ತಂದು ಹೇಳಿದರು: "ಬರೆಯೋದು ಈ ಕಡಿಂದ ಶುರು ಆಗ್ತದ ಖರೆ. ಆದ್ರ ಶುರು ಅಂದ್ರ ಶುರುನೇ ಅಲ್ರೀ. ನೀವು ಯಾಕ ಅದಕ್ಕ ಎಡ ಬಲ ಅಂತ ಹೆಸರಿಟ್ಟೀರಿ?"

ಹೆಸರಿಟ್ಟವನು ನಾನಲ್ಲ. ಆದರೆ ಪ್ರಶ್ನೆ ಸರಿಯಾಗಿತ್ತು. ಅವತ್ತಿನಿಂದ ಟ್ರಿಮ್ ಅನ್ನುವ ಈ ಸಣ್ಣ ಫಂಕ್ಷನ್ ಬಗ್ಗೆ ನನಗೆ ಒಂದು ಹಠವೇ ಹುಟ್ಟಿತು.

ಮೊದಲು ಅಕ್ಷರಗಳು ಹೇಗೆ ಕೂತಿರುತ್ತವೆ ಅನ್ನೋದನ್ನು ಹೇಳುತ್ತೇನೆ. 'ಸಲಾಮ್' ಅನ್ನುವ ಪದ ತಗೊಳ್ಳಿ. ಅರಬಿಯಲ್ಲಿ ಅದು ಸೀನ್, ಲಾಮ್, ಅಲಿಫ್, ಮೀಮ್ ಎಂಬ ನಾಲ್ಕು ಅಕ್ಷರ. ಮೆಮೊರಿಯಲ್ಲಿ 0ನೇ ಜಾಗದಲ್ಲಿ ಸೀನ್, 3ನೇ ಜಾಗದಲ್ಲಿ ಮೀಮ್. ಬಾಯಲ್ಲಿ ಹೇಳುವ ಕ್ರಮವೇ ಸ್ಟ್ರಿಂಗ್‌ನ ಕ್ರಮ. ಕನ್ನಡದಲ್ಲಿ ಇರುವಂತೆಯೇ. ಸೀನ್ ಅನ್ನು ಬಲಕ್ಕೆ ಇಟ್ಟು ಉಳಿದದ್ದನ್ನು ಎಡಕ್ಕೆ ಜೋಡಿಸುವ ಕೆಲಸ ಪರದೆಗೆ ಬಿಡಿಸುವಾಗ ನಡೆಯುತ್ತದೆ. ಅದಕ್ಕೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್ ಮಾನಕದಲ್ಲಿ ಬೈಡೈ (ಎರಡು ದಿಕ್ಕಿನ) ಅಲ್ಗಾರಿದಮ್ ಅಂತ ಒಂದು ಪ್ರತ್ಯೇಕ ನಿಯಮಾವಳಿಯೇ ಇದೆ. ಟ್ರಿಮ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ತಿಳಿಯಲು ನನಗೆ ಜಾಸ್ತಿ ದಿನ ಹಿಡಿಯಿತು. 'ಅರಬಿಯಲ್ಲಿ ಶುರುವಿನ ಸ್ಪೇಸ್ ಬಲಗಡೆ, ಕೊನೆಯ ಸ್ಪೇಸ್ ಎಡಗಡೆ ಇರುತ್ತದೆ' ಅನ್ನುವ ಮಾತೇ ಪೂರ್ತಿ ನಿಜವಲ್ಲ. ಸಲಾಮ್ ಪದದ ಕೊನೆಗೆ ಒಂದು ಸ್ಪೇಸ್ ಸೇರಿಸಿ. ಅದನ್ನು ಬಲದಿಂದ ಎಡಕ್ಕೆ ಹೋಗುವ ಪೆಟ್ಟಿಗೆಯಲ್ಲಿ ಹಾಕಿದರೆ ಸ್ಪೇಸ್ ಮೀಮ್‌ನ ಆಚೆ, ಎಡಗಡೆ ಬೀಳುತ್ತದೆ. ಅದೇ ಸ್ಟ್ರಿಂಗನ್ನು, ಒಂದು ಬೈಟೂ ಬದಲಾಯಿಸದೆ, ಇಂಗ್ಲಿಷ್ ದಿಕ್ಕಿನ ಪೆಟ್ಟಿಗೆಯಲ್ಲಿ ಹಾಕಿದರೆ ಸ್ಪೇಸ್ ಬಲಗಡೆ ಹೋಗುತ್ತದೆ, ಅಂದರೆ ಮೊದಲ ಅಕ್ಷರ ಸೀನ್ ಪಕ್ಕಕ್ಕೆ! ಸ್ಪೇಸ್‌ಗೆ ತನ್ನದೇ ದಿಕ್ಕಿಲ್ಲ. ಸಾಲಿನ ಕೊನೆಯಲ್ಲಿರುವ ಸ್ಪೇಸ್ ಇಡೀ ಪ್ಯಾರಾದ ದಿಕ್ಕನ್ನೇ ಹಿಡಿಯಬೇಕು ಅಂತ ಆ ನಿಯಮಾವಳಿ ಹೇಳುತ್ತದೆ. ಪೆಟ್ಟಿಗೆ ಯಾವುದು ಅಂತ ಸ್ಟ್ರಿಂಗ್‌ಗೆ ಗೊತ್ತಿರುವುದಿಲ್ಲ. ಟ್ರಿಮ್ ಫಂಕ್ಷನ್‌ಗೂ ಗೊತ್ತಿರುವುದಿಲ್ಲ. ಆ ಸ್ಟ್ರಿಂಗ್ ಪರದೆಗೆ ಹೋಗುತ್ತದೋ, ಡೇಟಾಬೇಸ್‌ಗೆ ಹೋಗುತ್ತದೋ ಅನ್ನೋದು ಕೂಡ ಅದಕ್ಕೆ ತಿಳಿಯದು. ಇನ್ನು ಬೀದರ್‌ನ ಅಂಗಡಿಯ ಹೆಸರು ಅರ್ಧ ಕನ್ನಡ ಅರ್ಧ ಉರ್ದುವಿನಲ್ಲಿ ಬಂದರೆ ಅದನ್ನು ಯಾವ ದಿಕ್ಕಿನದು ಅಂತ ತೀರ್ಮಾನಿಸೋದು? ಭಾಷೆ ಪತ್ತೆ ಮಾಡಿ ಎಡ ಬಲ ಅದಲುಬದಲು ಮಾಡುವ ಯಾವ ಟ್ರಿಮ್ ಕೂಡ ಒಂದಲ್ಲ ಒಂದು ಕಡೆ ತಪ್ಪುತ್ತದೆ. ಸ್ಟ್ರಿಂಗ್‌ಗೆ ಇರುವುದು ಮೊದಲು ಮತ್ತು ಕೊನೆ, ಅಷ್ಟೇ.

ಈ ತಪ್ಪನ್ನು ಹೆಸರುಗಳೇ ಮಾಡಿಸುತ್ತವೆ, ಅದಕ್ಕೇ ಹೆಸರು ಬದಲಾಯಿಸುವುದು ಮುಖ್ಯ ಅಂತ ನನ್ನ ನಂಬಿಕೆ. ಜಾವಾಸ್ಕ್ರಿಪ್ಟ್‌ನವರು 2019ರಲ್ಲಿ ಟ್ರಿಮ್‌ಸ್ಟಾರ್ಟ್, ಟ್ರಿಮ್‌ಎಂಡ್ ಅಂತ ಸೇರಿಸಿದರು. ಅದಕ್ಕೆ ಎರಡು ವರ್ಷ ಮೊದಲೇ ಬಂದ, ತುದಿಯಲ್ಲಿ ಸ್ಪೇಸ್ ತುಂಬುವ ಪ್ಯಾಡ್‌ಸ್ಟಾರ್ಟ್, ಪ್ಯಾಡ್‌ಎಂಡ್ ಜೊತೆ ಅವು ಹೊಂದುತ್ತವೆ. ಹಳೆಯ ವೆಬ್‌ಸೈಟುಗಳು ಒಡೆಯಬಾರದು ಅಂತ ಟ್ರಿಮ್‌ಲೆಫ್ಟ್ ಈಗಲೂ ಇದೆ, ಆದರೆ ಅದು ಬರೀ ಅಡ್ಡಹೆಸರು. ಬ್ರೌಸರ್ ಕನ್ಸೋಲ್‌ನಲ್ಲಿ ಆ ಫಂಕ್ಷನ್‌ನ ಹೆಸರು ಕೇಳಿ ನೋಡಿ, 'ಟ್ರಿಮ್‌ಸ್ಟಾರ್ಟ್' ಅಂತಲೇ ಉತ್ತರ ಬರುತ್ತದೆ. ರಸ್ಟ್ ಭಾಷೆ ಇನ್ನೂ ಖಡಕ್. 2019ರ 1.33 ಆವೃತ್ತಿಯಿಂದ ಟ್ರಿಮ್‌ಲೆಫ್ಟ್ ಬಳಸಿದರೆ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರೇ ಎಚ್ಚರಿಸುತ್ತದೆ, ಅರಬಿ ಹೀಬ್ರೂಗಳಲ್ಲಿ ಸ್ಟಾರ್ಟ್ ಅಂದರೆ ಬಲಗಡೆ ಅಂತ ಕೈಪಿಡಿಯಲ್ಲೇ ಬರೆದಿದ್ದಾರೆ. ಜಾವಾ 11ರಲ್ಲಿ ಸ್ಟ್ರಿಪ್‌ಲೀಡಿಂಗ್, ಸ್ಟ್ರಿಪ್‌ಟ್ರೇಲಿಂಗ್ ಬಂದವು. ಸೋಜಿಗ ಅಂದರೆ ಡೇಟಾಬೇಸ್‌ಗಳ ಭಾಷೆ ಎಸ್‌ಕ್ಯೂಎಲ್‌ನ 1992ರ ಮಾನಕದಲ್ಲೇ ಟ್ರಿಮ್ ಜೊತೆ ಲೀಡಿಂಗ್, ಟ್ರೇಲಿಂಗ್, ಬೋತ್ ಅನ್ನುವ ಸರಿಯಾದ ಪದಗಳಿದ್ದವು. ಡಾಟ್‌ನೆಟ್‌ನಲ್ಲಿ ಟ್ರಿಮ್‌ಸ್ಟಾರ್ಟ್ ಸರಿ ಇದ್ದರೂ ಪಕ್ಕದಲ್ಲೇ ಪ್ಯಾಡ್‌ಲೆಫ್ಟ್ ಇದೆ. ಪೈಥಾನ್‌ನ ಎಲ್‌ಸ್ಟ್ರಿಪ್, ಪಿಎಚ್‌ಪಿಯ ಎಲ್‌ಟ್ರಿಮ್ ಇನ್ನೂ ಹಾಗೇ ಇವೆ. 2024ರಲ್ಲಿ ಬಂದ ಪಿಎಚ್‌ಪಿ 8.4ರಲ್ಲಿ ಯುನಿಕೋಡ್ ತಿಳಿದ ಹೊಸ ಟ್ರಿಮ್‌ಗಳನ್ನು ಕೊಟ್ಟರು, ಅದು ಒಳ್ಳೆಯದೇ, ಆದರೆ ಹೆಸರಲ್ಲಿ ಮತ್ತೆ ಲೆಫ್ಟ್‌ನ ಅದೇ ಎಲ್, ರೈಟ್‌ನ ಅದೇ ಆರ್. ಅಲ್ಲಿ ಒಂದು ಅವಕಾಶ ಕೈತಪ್ಪಿತು ಅಂತ ನನಗೆ ಬೇಜಾರಿದೆ.

ಪಿಎಚ್‌ಪಿ ಮಾತು ಬಂದಿದ್ದಕ್ಕೆ ಒಂದು ವಿಷಯ ಹೇಳಿಬಿಡುತ್ತೇನೆ, ಇದು ನಮ್ಮ ಕನ್ನಡಕ್ಕೇ ತಾಗುವಂಥದ್ದು. ಅದರ ಹಳೆಯ ಟ್ರಿಮ್ ಅಕ್ಷರ ನೋಡುವುದಿಲ್ಲ, ಬೈಟ್ ನೋಡುತ್ತದೆ. ಮುರಿಯದ ಸ್ಪೇಸ್ (ಅದರ ಹತ್ತಿರ ಸಾಲು ಮುರಿಯುವುದಿಲ್ಲ) ಅಂತ ಒಂದಿದೆ, ಯುನಿಕೋಡ್‌ನಲ್ಲಿ ಅದರ ಸಂಖ್ಯೆ ಯು+00ಎ0. ವೆಬ್ ಪುಟದಿಂದ ನಕಲು ಮಾಡಿದಾಗ ಜಾಸ್ತಿ ಬರುವುದು ಅದೇ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಅದು ಸಿ2 ಮತ್ತು ಎ0 ಎಂಬ ಎರಡು ಬೈಟ್. ಅದನ್ನೂ ತೆಗೆದುಬಿಡೋಣ ಅಂತ ಟ್ರಿಮ್‌ಗೆ ಕೊಟ್ಟರೆ, ಅದು ಕೊನೆಯಲ್ಲಿ ಸಿ2 ಕಂಡರೂ ಕತ್ತರಿಸುತ್ತದೆ, ಎ0 ಕಂಡರೂ ಕತ್ತರಿಸುತ್ತದೆ. ನಮ್ಮ 'ಠ' ಅಕ್ಷರದ ಬೈಟುಗಳು ಇ0, ಬಿ2, ಎ0. ಅಂದರೆ ಮಠ, ಪಾಠ, ಪೀಠ ಅಂತ ಕೊನೆಯಾಗುವ ಹೆಸರಿನ ಕೊನೆಯ ಬೈಟ್ ಹಾರಿಹೋಗಿ 'ಠ' ಒಡೆದುಹೋಗುತ್ತದೆ. ಊರ ತುಂಬ ಮಠಗಳಿರುವ ರಾಜ್ಯದಲ್ಲಿ ಇದು ಸಣ್ಣ ವಿಷಯವಲ್ಲ.

ಇನ್ನು ಎರಡನೇ ಕಥೆ. ಸ್ಪೇಸ್ ಕೀ ಸರಿಪಡಿಸಿದ ಮೇಲೆ ಒಂದು ತಿಂಗಳಿಗೆ ಮತ್ತೆ ದೂರು. ಪಟ್ಟಿಯಲ್ಲಿ ಹೆಸರು ಕಾಣುತ್ತಿದೆ, ಹುಡುಕಿದರೆ ಸಿಗುತ್ತಿಲ್ಲ. ರೋಗಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಸಲಾಮ್ ಅಂತಲೇ ಇಟ್ಟುಕೊಳ್ಳಿ. ನಾಲ್ಕು ಅಕ್ಷರದ ಪದಕ್ಕೆ ಉದ್ದ 5 ಅಂತ ಬರುತ್ತಿತ್ತು. ಎರಡೂ ಕಡೆ ಟ್ರಿಮ್ ಮಾಡಿದರೂ 5. ಕೊನೆಯ ಅಕ್ಷರದ ಸಂಖ್ಯೆ ತೆಗೆದು ನೋಡಿದೆ: 8207. ಹದಿನಾರರ ಲೆಕ್ಕದಲ್ಲಿ ಅದು 200ಎಫ್. ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಗುರುತು. 'ಇಲ್ಲಿ ಬಲದಿಂದ ಎಡಕ್ಕೆ ಹೋಗುವ ಅಕ್ಷರವಿದೆ ಅಂತ ತಿಳಿ' ಅಂತ ಬೈಡೈ ಅಲ್ಗಾರಿದಮ್‌ಗೆ ಹೇಳುವುದಷ್ಟೇ ಅದರ ಕೆಲಸ.

ಟ್ರಿಮ್ ಅದನ್ನು ಯಾಕೆ ಬಿಟ್ಟಿತು? ಅದು ಸ್ಪೇಸ್ ಅಲ್ಲ, ಅದಕ್ಕೆ. ಯುನಿಕೋಡ್ ಲೆಕ್ಕದಲ್ಲಿ ಖಾಲಿ ಜಾಗ ಅನಿಸಿಕೊಳ್ಳುವುದು 25 ಸಂಕೇತಗಳು ಮಾತ್ರ, ಈ ಗುರುತು ಆ ಪಟ್ಟಿಯಲ್ಲಿಲ್ಲ. ಆ 25ರ ಬಗ್ಗೆಯೂ ಭಾಷೆಗಳಲ್ಲಿ ಒಮ್ಮತವಿಲ್ಲ ಬಿಡಿ. ಜಾವಾದ ಹಳೆಯ ಟ್ರಿಮ್‌ಗೆ ಯು+0020 ಮತ್ತು ಅದಕ್ಕಿಂತ ಕೆಳಗಿನವು ಮಾತ್ರ ಗೊತ್ತು, ಹೊಸ ಸ್ಟ್ರಿಪ್ ಕೂಡ ಮುರಿಯದ ಸ್ಪೇಸನ್ನು ಮುಟ್ಟುವುದಿಲ್ಲ. ಜಾವಾಸ್ಕ್ರಿಪ್ಟ್ ಅದನ್ನು ತೆಗೆಯುತ್ತದೆ, ಜೊತೆಗೆ ಪಟ್ಟಿಯಲ್ಲಿಲ್ಲದ ಯು+ಎಫ್‌ಇಎಫ್‌ಎಫ್ (ಫೈಲಿನ ಶುರುವಿನಲ್ಲಿ ಇರುವ ಕಾಣದ ಗುರುತು) ಕೂಡ ತೆಗೆಯುತ್ತದೆ, ಆದರೆ ಪಟ್ಟಿಯಲ್ಲಿರುವ ಯು+0085 (ಹೊಸ ಸಾಲಿನ ಒಂದು ಸಂಕೇತ) ಬಿಡುತ್ತದೆ. ಬ್ರೌಸರ್ ಒಂದು ಕಡೆ, ಸರ್ವರ್ ಇನ್ನೊಂದು ಕಡೆ ಟ್ರಿಮ್ ಮಾಡುವ ನಮ್ಮಂಥವರಿಗೆ ಇದು ನಿಜವಾದ ತಲೆನೋವು.

ಈ ಕಾಣದ ಗುರುತುಗಳು ಎಲ್ಲಿಂದ ಬರುತ್ತವೆ ಅಂದರೆ, ಎಲ್ಲ ಕಡೆಯಿಂದಲೂ. ಅರಬಿ ಪುಟದಲ್ಲಿ +971 ಅಂತ ಫೋನ್ ನಂಬರ್ ಬರೆದರೆ ಪ್ಲಸ್ ಚಿಹ್ನೆ ಅಂಕಿಗಳ ಬಲಗಡೆಗೆ ಹಾರುತ್ತದೆ. ಅದನ್ನು ಹಿಡಿದಿಡಲು ಆ್ಯಪ್‌ಗಳು ನಂಬರಿನ ಸುತ್ತ ದಿಕ್ಕಿನ ಗುರುತು ಹಾಕುತ್ತವೆ. ನಕಲು ಮಾಡಿದವರ ಜೊತೆ ಗುರುತೂ ಬರುತ್ತದೆ. ಅರಬಿಯೇ ಬೇಕು ಅಂತಿಲ್ಲ. ವಿಂಡೋಸ್‌ನಲ್ಲಿ ಭದ್ರತಾ ಸರ್ಟಿಫಿಕೇಟ್‌ನ ಥಂಬ್‌ಪ್ರಿಂಟ್ (ಅದನ್ನು ಗುರುತಿಸುವ ಸಂಖ್ಯೆ) ನಕಲು ಮಾಡಿದಾಗ ಶುರುವಿನಲ್ಲಿ ಯು+200ಇ, ಅಂದರೆ 'ಎಡದಿಂದ ಬಲಕ್ಕೆ' ಅನ್ನುವ ಗುರುತು ಸೇರಿಕೊಂಡು, ನೋಡಲು ಸರಿಯಿದ್ದರೂ ಸರ್ಟಿಫಿಕೇಟ್ ಸಿಗದೆ ಎಷ್ಟೋ ಜನ ಗಂಟೆಗಟ್ಟಲೆ ಒದ್ದಾಡಿದ್ದಾರೆ.

ಹಾಗಾದರೆ ಕಾಣದ್ದನ್ನೆಲ್ಲ ಕಿತ್ತುಹಾಕಿದರೆ ಆಯ್ತಲ್ಲ? ನನಗೂ ಮೊದಲು ಹಾಗೇ ಅನಿಸಿತ್ತು. ಅಂತರ್ಜಾಲದಲ್ಲಿ ಅಂಥ ರೆಜೆಕ್ಸ್‌ಗಳು (ಪಠ್ಯದಲ್ಲಿ ಬೇಕಾದ್ದನ್ನು ಹುಡುಕುವ ಸೂತ್ರಗಳು) ಬೇಕಾದಷ್ಟು ಸಿಗುತ್ತವೆ. ದಯವಿಟ್ಟು ಬೇಡ.

ನಮ್ಮ ಭಾಷೆಯಿಂದಲೇ ನೋಡಿ. 'ಸಾಫ್ಟ್‌ವೇರ್' ಅಂತ ಬರೆಯುವಾಗ 'ಟ್' ಮತ್ತು 'ವೇ' ನಡುವೆ ಕಾಣದ ಒಂದು ಸಂಕೇತ ಇದೆ, ಯು+200ಸಿ. ಅದನ್ನು ತೆಗೆದರೆ 'ಸಾಫ್ಟ್ವೇರ್' ಆಗಿ ಒತ್ತಕ್ಷರ ಬೀಳುತ್ತದೆ. 'ರ‍್ಯಾಂಕ್' ಅನ್ನುವ ಪದದಲ್ಲಿ ಯು+200ಡಿ ಇದೆ. ತೆಗೆದರೆ 'ರ್ಯಾಂಕ್' ಅಂತ ಅರ್ಕಾವತ್ತು ಬರುತ್ತದೆ. ಪರ್ಷಿಯನ್ ಭಾಷೆ ಬರೆಯುವವರಿಗೂ ಇದೇ ಕಷ್ಟ. 'ಮೀ' ಅನ್ನುವ ಕ್ರಿಯಾಪದದ ಮುಂಭಾಗವನ್ನು ಉಳಿದ ಪದಕ್ಕೆ ಅಂಟಿಸದೆ, ಸ್ಪೇಸ್ ಕೂಡ ಕೊಡದೆ, ಪಕ್ಕದಲ್ಲೇ ಬಿಡಿಯಾಗಿ ಇಡಲು ಅವರು ಬಳಸುವುದೂ ಯು+200ಸಿ. ಅದಕ್ಕೆ ಅವರು ಅರ್ಧ ಸ್ಪೇಸ್ ಅಂತ ಕರೆಯುತ್ತಾರೆ. ಹೆಸರು ಹಾಗಿದ್ದರೂ ಅದನ್ನು ಸ್ಪೇಸ್ ಅಂತ ಕತ್ತರಿಸುವ ಹಾಗಿಲ್ಲ.

ಪದದ ನಡುವೆ ಬೇಡ, ಕೊನೆಯಲ್ಲಿದ್ದರೆ ತೆಗೆಯಬಹುದಲ್ಲ ಅಂತ ಕೇಳಬಹುದು. 'ಫೋನ್' ಅಂತ ಒಂದು ಪದ, ಕೊನೆಗೆ ಈ ಸಂಕೇತ ಇದೆ ಅಂದುಕೊಳ್ಳಿ. ಟೆಂಪ್ಲೇಟ್‌ನಲ್ಲಿ ಅದಕ್ಕೆ 'ಗೆ' ಸೇರಿಸಿದರೆ 'ಫೋನ್‌ಗೆ'. ಟ್ರಿಮ್ ಅದನ್ನು ತಿಂದಿದ್ದರೆ 'ಫೋನ್ಗೆ'. ವಿಭಕ್ತಿ ಪ್ರತ್ಯಯ ಅಂಟಿಸುವ ಭಾಷೆಯಲ್ಲಿ ಪದದ ತುದಿಯೂ ಖಾಲಿ ಜಾಗವಲ್ಲ. ದಿಕ್ಕಿನ ಗುರುತಿಗೂ ಹಾಗೇ. ಅರಬಿ ವಾಕ್ಯದ ಕೊನೆಯಲ್ಲಿ 'ಸಿ++' ಬಂದರೆ ಎರಡು ಪ್ಲಸ್ಸೂ ಎಡಕ್ಕೆ ಹೋಗಿ '++ಸಿ' ಥರ ಕಾಣುತ್ತದೆ. ಅದನ್ನು ತಡೆಯಲು ಬರೆದವರು ಕೊನೆಗೆ ಯು+200ಇ ಇಟ್ಟಿರುತ್ತಾರೆ. ಬೇಕು ಅಂತಲೇ ಇಟ್ಟದ್ದು.

ಜೋಡಿ ಗುರುತುಗಳದ್ದು ಇನ್ನೂ ನಾಜೂಕು. 2013ರಲ್ಲಿ ಯುನಿಕೋಡ್ 6.3ರ ಜೊತೆ, ಒಂದು ತುಂಡಿನ ದಿಕ್ಕನ್ನು ಸುತ್ತಲಿನ ಬರಹದಿಂದ ಬೇರೆ ಇಡುವ ಐಸೊಲೇಟ್ ಅನ್ನುವವು ಬಂದವು: ಯು+2066, 2067, 2068 ತೆರೆಯುತ್ತವೆ, 2069 ಮುಚ್ಚುತ್ತದೆ. ಆವರಣ ಚಿಹ್ನೆ ಇದ್ದ ಹಾಗೆ. ತುದಿಯಲ್ಲಿದೆ ಅಂತ ಮುಚ್ಚುವುದನ್ನು ಮಾತ್ರ ಟ್ರಿಮ್ ಮಾಡಿದರೆ, ಆ ಹೆಸರಿನ ನಂತರ ನಾವು ಏನು ಜೋಡಿಸುತ್ತೇವೋ ಅದೆಲ್ಲ ಆ ಪ್ಯಾರಾ ಮುಗಿಯುವ ತನಕ ತೆರೆದ ದಿಕ್ಕಿನಲ್ಲೇ ಓಡುತ್ತದೆ. ದಿಕ್ಕಿನ ಗುರುತು ಎಷ್ಟು ದೂರ ಹೋಗಬಲ್ಲದು ಅನ್ನೋದನ್ನು 2021ರಲ್ಲಿ ಕೇಂಬ್ರಿಜ್‌ನ ನಿಕೊಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್ ತೋರಿಸಿದ್ದರು. ಇದೇ ಗುರುತುಗಳನ್ನು ಬಳಸಿ, ಓದುವವರಿಗೆ ಒಂದು ಥರ, ಕಂಪೈಲರ್‌ಗೆ ಇನ್ನೊಂದು ಥರ ಇರುವ ಕೋಡ್ ಬರೆಯಬಹುದು ಅಂತ. ಟ್ರೋಜನ್ ಸೋರ್ಸ್ ಅಂತ ಅದಕ್ಕೆ ಹೆಸರು.

ಇಷ್ಟೆಲ್ಲ ನೋಡಿದ ಮೇಲೆ ನಾವು ಬರೆದದ್ದು ಎರಡು ಫಂಕ್ಷನ್. ಒಂದೇ ಫಂಕ್ಷನ್‌ನಿಂದ ಎಲ್ಲ ಮಾಡಿಸಲು ಹೋದದ್ದೇ ಮೊದಲಿನ ತಪ್ಪು.

ಮೊದಲನೆಯದು ಟ್ರಿಮ್. ಅದು ತೆಗೆಯುವುದು ಆ 25 ಸಂಕೇತಗಳನ್ನು ಮಾತ್ರ, ಪಟ್ಟಿಯನ್ನು ನಾವೇ ಬರೆದುಕೊಂಡಿದ್ದೇವೆ, ಬ್ರೌಸರ್‌ಗೂ ಸರ್ವರ್‌ಗೂ ಒಂದೇ. ಮೊದಲು, ಕೊನೆ ಅಂತ ಎರಡು ಆಯ್ಕೆ, ಎಡ ಬಲದ ಮಾತಿಲ್ಲ. ದಿಕ್ಕಿನ ಗುರುತು ಎದುರಾದರೆ ಅದನ್ನು ಗಾಜಿನ ಹಾಗೆ ದಾಟಿ ಆಚೆ ನೋಡುತ್ತದೆ. ಆಚೆ ಸ್ಪೇಸ್ ಇದ್ದರೆ ತೆಗೆಯುತ್ತದೆ, ಗುರುತನ್ನು ಅಲ್ಲೇ ಬಿಡುತ್ತದೆ. ಯಾಕಂದ್ರೆ ಹೆಸರು, ಸ್ಪೇಸ್, ಗುರುತು ಈ ಕ್ರಮದಲ್ಲಿ ಬಂದರೆ ಮಾಮೂಲಿ ಟ್ರಿಮ್ ಗುರುತಿನ ಹತ್ತಿರ ನಿಂತುಬಿಡುತ್ತದೆ, ಸ್ಪೇಸ್ ಹಿಂದೆ ಅಡಗಿ ಕೂರುತ್ತದೆ. ಗುರುತುಗಳನ್ನು ಮುಟ್ಟದೇ ಇರುವುದರಿಂದ ಜೋಡಿ ಒಡೆಯುವ ಪ್ರಶ್ನೆಯೂ ಇಲ್ಲ. ಸ್ಪೇಸ್ ಮತ್ತು ಗುರುತು ಬಿಟ್ಟು ಬೇರೇನೂ ಇಲ್ಲದಿದ್ದರೆ ಮಾತ್ರ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಇಲ್ಲದಿದ್ದರೆ ಬರೀ ಒಂದು ಯು+200ಎಫ್ ಇದ್ದರೂ 'ಹೆಸರು ಕಡ್ಡಾಯ' ಅನ್ನುವ ಪರೀಕ್ಷೆ ಪಾಸಾಗುತ್ತದೆ.

ಎರಡನೆಯದು ಹುಡುಕಾಟದ ಕೀಲಿ ಮಾಡುವ ಫಂಕ್ಷನ್. ಅದು ಯುನಿಕೋಡ್‌ನ 12 ದಿಕ್ಕಿನ ಗುರುತುಗಳನ್ನು ಸ್ಟ್ರಿಂಗ್‌ನ ಎಲ್ಲ ಕಡೆಯಿಂದಲೂ ತೆಗೆಯುತ್ತದೆ, ತುದಿಯಷ್ಟೇ ಅಲ್ಲ. ಆ ಕೀಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಹೋಲಿಸಲು ಮಾತ್ರ, ಹಾಗಾಗಿ ಅಪಾಯವಿಲ್ಲ. ಯು+200ಸಿ, 200ಡಿ ಎರಡೂ ಆ 12ರಲ್ಲಿ ಇಲ್ಲ, ಅವನ್ನು ಇದು ಕೂಡ ಮುಟ್ಟುವುದಿಲ್ಲ. ಜನ ಬರೆದ ಮೂಲ ಹೆಸರು ಬರೆದ ಹಾಗೇ ಪಕ್ಕದ ಕಾಲಂನಲ್ಲಿ ಇರುತ್ತದೆ.

ಪರೀಕ್ಷೆಗೆ ಅರಬಿ ಅಕ್ಷರಗಳನ್ನು ನೇರವಾಗಿ ಕೋಡಿನಲ್ಲಿ ಬರೆಯಬೇಡಿ, ಸಂಕೇತ ಸಂಖ್ಯೆಯಲ್ಲಿ ಬರೆಯಿರಿ. ಎಡಿಟರ್ ಅದನ್ನೂ ತಿರುಗಿಸಿ ತೋರಿಸುತ್ತದೆ, ಸ್ಪೇಸ್ ಮೊದಲಿದೆಯೋ ಕೊನೆಯಲ್ಲಿದೆಯೋ ಅಂತ ನೋಡಿದವರಿಗೆ ತಿಳಿಯುವುದಿಲ್ಲ. ನಮ್ಮ ಪರೀಕ್ಷೆಗಳಲ್ಲಿ ಮೊದಲನೆಯದು ಒಂದೊಂದೇ ಅಕ್ಷರ ಸೇರಿಸುತ್ತಾ ಹೋಗುವುದು: ಐನ್, ಬಾ, ದಾಲ್, ಸ್ಪೇಸ್. ನಾಲ್ಕನೆಯ ಹೆಜ್ಜೆಯ ನಂತರ ಉದ್ದ 4 ಇರಬೇಕು.

ಆ ಮೊದಲ ಎರಡು ದಿನ ಅಂಟಿಹೋದ ಹೆಸರುಗಳನ್ನು ಕೋಡ್‌ನಿಂದ ಬಿಡಿಸಲು ಆಗಲಿಲ್ಲ. 'ಅಲ್' ಬಂದ ಕಡೆ ಒಡೆಯೋಣ ಅಂದರೆ ಕೆಲವು ಹೆಸರುಗಳ ಒಳಗೇ ಅಲಿಫ್ ಲಾಮ್ ಇರುತ್ತವೆ. ಸಹೋದ್ಯೋಗಿ ಪಟ್ಟಿ ಓದುತ್ತಾ ಹೋದರು, ನಾನು ಗುರುತು ಹಾಕಿಕೊಂಡೆ. ಓದಿಗೆ ಖಚಿತವಾಗಿ ಸಿಕ್ಕವನ್ನು ಅವತ್ತೇ ಸರಿ ಮಾಡಿದೆವು. ಅನುಮಾನ ಇದ್ದವನ್ನು ಅವರು ಮುಟ್ಟಗೊಡಲಿಲ್ಲ. "ಅವರ ಹೆಸರು ಅವರನ್ನೇ ಕೇಳ್ರಿ" ಅಂದರು. ಆ ರೋಗಿಗಳು ಮುಂದಿನ ಸಲ ಬಂದಾಗ ರಿಸೆಪ್ಷನ್‌ನವರು ಒಬ್ಬೊಬ್ಬರನ್ನೇ ಕೇಳಿ ಸ್ಪೇಸ್ ಹಾಕಿಕೊಟ್ಟರು.